ನಡುಗದ ಕೈ

“ಗುರುಗಳೇ, ಈ ಹೊಸ ಬಗೆಯ ಚಿತ್ರಕಾರರು ಮರವನ್ನು ಬರೆಯುವುದಿಲ್ಲ, ಮುಖವನ್ನೂ ಬರೆಯುವುದಿಲ್ಲ. ತೋಳು ಬೀಸಿ ಬಣ್ಣ ಬಳಿಯುತ್ತಾರೆ, ಚೆಲ್ಲುತ್ತಾರೆ. ಜನ ಅದರ ಮುಂದೆ ಕಣ್ಣು ತುಂಬಿಕೊಂಡು ನಿಲ್ಲುತ್ತಾರೆ. ಇದನ್ನು ಯಾರು ಬೇಕಾದರೂ ಮಾಡಬಹುದಲ್ಲವೇ?”

ಚಿತ್ರ ಕಲಿಯಲು ಬಂದಿದ್ದ ಶಿಷ್ಯ ಹೀಗೆ ಕೇಳಿದ. ಕಂಡದ್ದನ್ನು ಕಂಡ ಹಾಗೆ ಬರೆಯುವುದರಲ್ಲಿ ಅವನು ಆಗಲೇ ಹೆಸರು ಮಾಡಿದ್ದ. ಗುರುಗಳು ಕುಂಚ ತೊಳೆಯುವುದನ್ನು ನಿಲ್ಲಿಸಿ ಹೇಳತೊಡಗಿದರು.

ಒಂದು ಪಟ್ಟಣದಲ್ಲಿ ಒಬ್ಬ ನಕಲುಗಾರನಿದ್ದ. ಯಾವ ಚಿತ್ರ ಕೊಟ್ಟರೂ ಅದರಂತೆಯೇ ಇನ್ನೊಂದನ್ನು ಬರೆದುಕೊಡುತ್ತಿದ್ದ. ಮೂಲ ಯಾವುದು, ನಕಲು ಯಾವುದು ಎಂದು ಬರೆದವರೇ ತಬ್ಬಿಬ್ಬಾಗುತ್ತಿದ್ದರು. ಅವನ ಕೈ ನಡುಗಿದ್ದನ್ನು ಕಂಡವರಿರಲಿಲ್ಲ.

ಆ ಪಟ್ಟಣಕ್ಕೆ ಒಬ್ಬ ಕಲಾವಿದೆ ಬಂದಳು. ಆಳೆತ್ತರದ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಅದರ ಸುತ್ತ ನಡೆಯುತ್ತ ಬರೆಯುತ್ತಿದ್ದಳು. ಅವಳ ಚಿತ್ರದಲ್ಲಿ ಕೆಂಪಿನ ಮೇಲೆ ಕಪ್ಪು ಹಾಯ್ದುಹೋಗುತ್ತಿತ್ತು, ಅಷ್ಟೇ. ಆದರೆ ನೋಡಿ ಬಂದವರಿಗೆ ಊಟ ಸೇರುತ್ತಿರಲಿಲ್ಲ.

ಒಬ್ಬ ವ್ಯಾಪಾರಿಗೆ ಇದನ್ನು ಸಹಿಸಲಾಗಲಿಲ್ಲ. ನಕಲುಗಾರನಿಗೆ ವರ್ಷವಿಡೀ ಕೆಲಸ ಕೊಡುತ್ತಿದ್ದವನು ಅವನೇ. ಅವನು ಆಕೆಯ ಒಂದು ಚಿತ್ರವನ್ನು ಕೊಂಡು ತಂದು, “ಇದರಂತೆಯೇ ಇನ್ನೊಂದು ಮಾಡು. ಎರಡನ್ನೂ ಊರ ಮುಂದೆ ನಿಲ್ಲಿಸಿ, ಅವಳದು ಯಾವುದೆಂದು ಅವಳನ್ನೇ ಕೇಳುತ್ತೇನೆ. ಅವಳ ಬಣ್ಣ ಬಯಲಾಗಲಿ” ಎಂದ.

ಇದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ ಎಂದುಕೊಂಡು ನಕಲುಗಾರ ಒಪ್ಪಿದ. ಗೆರೆಗಳನ್ನು ಅಳೆದ, ಅದೇ ಬಣ್ಣ ಬೆರೆಸಿದ, ಸಣ್ಣ ಕುಂಚದಿಂದ ಇಷ್ಟಿಷ್ಟೇ ತುಂಬಿದ. ಮುಗಿಸಿ ಎರಡನ್ನೂ ಪಕ್ಕಪಕ್ಕ ಇಟ್ಟ. ಒಂದು ಹನಿಯೂ ಸ್ಥಳ ತಪ್ಪಿರಲಿಲ್ಲ. ಆದರೆ ಅವಳ ಗೆರೆ ಓಡುತ್ತಿತ್ತು, ಇವನದು ನಿಂತಿತ್ತು. ಹರಿದುಹಾಕಿ ಮತ್ತೆ ಬರೆದ. ಅದನ್ನೂ ಹರಿದ.

ಕೊನೆಗೆ ಅವಳು ಬರೆಯುವುದನ್ನು ನೋಡಲು ಹೋದ. ಅವಳು ಬಹಳ ಹೊತ್ತು ಸುಮ್ಮನೆ ನಿಂತಿದ್ದಳು. ಆಮೇಲೆ ಒಂದೇ ಸಲ ಭುಜದಿಂದ ತೋಳು ಬೀಸಿದಳು. ಬೀಸಿದವಳು ಏದುಸಿರು ಬಿಡುತ್ತ ಗೋಡೆಗೆ ಒರಗಿದಳು. ಮೂಟೆ ಹೊರುವವರೂ ಹಾಗೆ ದಣಿದದ್ದನ್ನು ಅವನು ಕಂಡಿರಲಿಲ್ಲ. ಅಲ್ಲಿಂದ ಹೊರಡುವಾಗ, ಅವಳಿಗೆ ಕಾಣದಂತೆ, ಅವನು ತಲೆಬಾಗಿದ.

ಮನೆಗೆ ಬಂದು ಕ್ಯಾನ್ವಾಸನ್ನು ನೆಲಕ್ಕೆ ಹಾಸಿದ. ಅವಳಂತೆಯೇ ತೋಳು ಬೀಸಿದ. ಬೀಸಿದೊಡನೆ ಅಣ್ಣ ನೆನಪಾದ. ಜಗಳವಾಡಿ ಇಬ್ಬರೂ ಮಾತು ಬಿಟ್ಟಿದ್ದರು. ಅಣ್ಣ ಹಾಗೆಯೇ ತೀರಿಕೊಂಡಿದ್ದ. ಹೂಮಾಲೆ ಹಾಕಲು ಬೇಕಾದ ಭಾವಚಿತ್ರವನ್ನು ಅಂದೇ ಇವನು ಬರೆದುಕೊಟ್ಟಿದ್ದ. ಹುಬ್ಬಿನ ಕೂದಲು ಕೂಡ ತಪ್ಪಿಲ್ಲವೆಂದು ಬಂಧುಗಳು ಹೊಗಳಿದ್ದರು. ಅಂದು ಅವನು ಅತ್ತಿರಲಿಲ್ಲ.

ಈಗ ಕೈ ನಡುಗಿತು. ಅವನು ತಡೆಯಲಿಲ್ಲ. ಎದುರಿಗಿದ್ದ ಮೂಲಚಿತ್ರವನ್ನು ಮರೆತ. ಕೈಗೆ ಸಿಕ್ಕ ನೀಲಿಯನ್ನು ಸುರಿದ. ಕುಂಚ ಮುರಿದಾಗ ಅಂಗೈಯಿಂದ ಬರೆದ. ಮುಗಿದ ಮೇಲೆ ಅಲ್ಲೇ ಕುಸಿದು ಕುಳಿತು, ಮನೆಯವರು ಓಡಿಬರುವಷ್ಟು ಗಟ್ಟಿಯಾಗಿ ಅತ್ತ.

ಊರ ಮುಂದೆ ಎರಡೂ ಚಿತ್ರಗಳನ್ನು ನಿಲ್ಲಿಸಿದ ದಿನ ವ್ಯಾಪಾರಿಯ ಮುಖ ಕಪ್ಪಿಟ್ಟಿತು.

“ಇದರಲ್ಲಿ ಈ ನೀಲಿ ಎಲ್ಲಿಂದ ಬಂತು? ಇದು ನಕಲೇ?”

“ಅಲ್ಲ ಧಣಿ. ನಕಲು ನನ್ನಿಂದಾಗಲಿಲ್ಲ.”

“ಹಾಗಾದರೆ ಇನ್ನು ನನ್ನ ಮನೆಯ ಮೆಟ್ಟಿಲು ಹತ್ತಬೇಡ,” ಎಂದು ವ್ಯಾಪಾರಿ ಎದ್ದು ಹೋದ.

ಕಲಾವಿದೆ ತನ್ನ ಚಿತ್ರದ ಕಡೆ ತಿರುಗಿಯೂ ನೋಡಲಿಲ್ಲ. ನಕಲುಗಾರನ ಚಿತ್ರದ ಮುಂದೆ ನಿಂತಳು. ಆಮೇಲೆ ಅವನ ಹತ್ತಿರ ಬಂದು ಮೆಲ್ಲಗೆ, “ಯಾರನ್ನು ಕಳೆದುಕೊಂಡಿರಿ?” ಎಂದು ಕೇಳಿದಳು.

ಆ ಚಿತ್ರ ಯಾರ ನೆನಪಿನದೆಂದು ಅವನು ಯಾರಿಗೂ ಹೇಳಿರಲಿಲ್ಲ.

“ಅಣ್ಣನನ್ನು,” ಎಂದ.

ಅವಳು ಆ ಚಿತ್ರಕ್ಕೆ ಕೈಮುಗಿದಳು. ನೆರೆದಿದ್ದ ಜನ ಒಬ್ಬೊಬ್ಬರಾಗಿ, ಸದ್ದು ಮಾಡದೆ, ಅದರ ಹತ್ತಿರ ಬಂದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಆದರೂ, ಒಪ್ಪಿಕೊಂಡ ಕೆಲಸದಲ್ಲಿ ಅವನು ಸೋತನಲ್ಲವೇ?”

“ಸೋತ,” ಎಂದರು ಗುರುಗಳು. “ನೀನು ಯಾವಾಗ ಸೋಲುತ್ತೀಯ?”