ಬಿಚ್ಚದೆ ಬಿಟ್ಟ ಬೋಲ್ಟು

ಮಲಪ್ರಭೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಜಪಕ್ಕಿಂತ ಗ್ರೀಸು ಹೆಚ್ಚು. ಗುರು ನಿಜಗುಣಪ್ಪನವರು ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಕಾವಿ ಪಂಚೆ ಮೇಲಕ್ಕೆ ಕಟ್ಟಿ, ಕಾರುಗಳ ಕೆಳಗೆ ನುಸುಳುತ್ತಿದ್ದರು. ಸುತ್ತಲಿನವರೆಲ್ಲ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಶಿಷ್ಯ ಚೆನ್ನವೀರನಿಗೆ ಮರುದಿನ ಅಪ್ಪಣೆ ಸಿಗುವುದಿತ್ತು. ಅಜ್ಜಾರು ಹಣೆಗೆ ವಿಭೂತಿ ಹಚ್ಚಿ ‘ಹೋಗು’ ಎಂದರೆ ಸಾಕು, ಅವನು ತನ್ನದೇ ಗ್ಯಾರೇಜು ತೆರೆಯಬಹುದು. ಆ ಒಂದು ಮಾತಿಗಾಗಿ ವರ್ಷಗಟ್ಟಲೆ ಕಾದಿದ್ದ.

ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ಅಪ್ಪಣೆಗೆ ಮೊದಲು ಶಿಷ್ಯ ಮಾಡುವ ಕಡೆಯ ಗಾಡಿಯನ್ನು ಗುರು ಮುಟ್ಟಿ ನೋಡುವುದಿಲ್ಲ. ಶಿಷ್ಯ ‘ಆಯಿತು’ ಎಂದರೆ ಆಯಿತು.

ಚೆನ್ನವೀರನ ಪಾಲಿಗೆ ಬಂದ ಕಡೆಯ ಗಾಡಿ ಶಂಕ್ರವ್ವನದು. ಬಾಡಿಗೆಗೆ ಕಾರು ಓಡಿಸಿ ಬದುಕು ಕಟ್ಟಿಕೊಂಡ ಗಟ್ಟಿಗಿತ್ತಿ.

“ತಮ್ಮಾ, ಸ್ಟೇರಿಂಗ್ ಚಿತ್ರದ ಹಳದಿ ಲೈಟ್ ಒಮ್ಮೊಮ್ಮೆ ಹತ್ತತೈತಿ, ತಾನ ಆರತೈತಿ,” ಎಂದಳು. “ನನ್ನ ತಂಗಿಗೆ ದಿನ ತುಂಬ್ಯಾವು. ಯಾವ ಹೊತ್ತಿನ್ಯಾಗ ದವಾಖಾನಿಗೆ ಓಡಬೇಕೋ ಏನೋ. ಚಲೋತ್ನಂಗ ನೋಡು.”

ಚೆನ್ನವೀರ ಸ್ಕ್ಯಾನರ್ ಚುಚ್ಚಿದ. ಪರದೆಯ ಮೇಲೆ ದೋಷ ಕಾಣಿಸಿತು. ಒಂದು ಗುಂಡಿ ಒತ್ತಿ ಅಳಿಸಿದ. ಲೈಟು ಆರಿತು.

ಬೇವಿನ ಕಟ್ಟೆಯ ಮೇಲಿಂದ ಅಜ್ಜಾರು ಕೇಳಿದರು, “ಲೈಟ್ ಯಾಕ ಹತ್ತಿತ್ತು?”

“ಸ್ಟೇರಿಂಗ್ ಮೋಟರಿಗೆ ಕರೆಂಟ್ ಕಡಿಮಿ ಬಂದಿತ್ರಿ. ಅಳಿಸೀನ್ರಿ.”

“ಕರೆಂಟ್ ಯಾಕ ಕಡಿಮಿ ಬಂತು?”

“ಮತ್ತ ಹತ್ತಿಲ್ರಿ ಅಜ್ಜಾರ.”

“ನಾ ಕೇಳಿದ್ದು ಅದನ್ನಲ್ಲ.”

ಅಜ್ಜಾರು ಎದ್ದು ಬಂದರು. ಶಂಕ್ರವ್ವನ ಗಾಡಿಯ ಹತ್ತಿರ ಹೋಗಲಿಲ್ಲ. ಆಶ್ರಮದ ಕಾರಿನಿಂದ ಸ್ಟೇರಿಂಗಿನ ಫ್ಯೂಸು ಕಿತ್ತು, ತಾವೇ ಓಡಿಸಿ ಬಯಲಿಗೆ ಒಯ್ದು, ಚೆನ್ನವೀರನನ್ನು ಸ್ಟೇರಿಂಗಿನ ಮುಂದೆ ಕೂರಿಸಿದರು.

“ತಿರುಗಿಸು.”

ಚೆನ್ನವೀರ ಎಂದಿನಂತೆ ಒಂದು ಕೈಯಲ್ಲಿ ತಿರುಗಿಸಲು ಹೋದ. ಸ್ಟೇರಿಂಗ್ ಅಲುಗಲಿಲ್ಲ. “ಲಾಕ್ ಆಗೇತ್ರಿ.”

“ಲಾಕ್ ಆಗಿಲ್ಲ. ಇಷ್ಟು ದಿನ ನಿನ್ನ ಕೈ ಕೂಡ ಮೋಟರ್ ಕೈ ಹಚ್ಚತಿತ್ತು. ಈಗ ಅದು ಬಿಟ್ಟೈತಿ. ಎರಡೂ ಕೈಯಾಗ ಗಟ್ಟಿ ಹಿಡಿ.”

ಹಲ್ಲು ಕಚ್ಚಿ ಎಳೆದ. ಕಾರು ನಿಧಾನಕ್ಕೆ ತಿರುಗಿತು. ಬೆನ್ನು ಬೆವತುಹೋಯಿತು.

“ಶಂಕ್ರವ್ವನ ಕಡಿಂದ ಹಿಂಗ ಒಮ್ಮೆ ತಿರುಗಿಸಿ ಕಳಿಸು. ಬಿಗಿ ಆದಾಗ ಹೆದರಿ ಕೈ ಬಿಡಬಾರದು ಅಂತ ಆಕಿಗೆ ಗೊತ್ತಿರಲಿ. ಅದಕ್ಕೂ ಮೊದಲ, ಬ್ಯಾಟರಿ ಕೆಳಗ ಅರ್ಥ್ ವೈರ್ ಗಾಡಿ ತಗಡಿಗೆ ಕೂಡಿರೋ ಬೋಲ್ಟ್ ಬಿಚ್ಚಿ ನೋಡು. ತುಕ್ಕಿದ್ರ ಕರೆಂಟ್ ಸರಿ ಹರಿಯಂಗಿಲ್ಲ, ತಿಕ್ಕಿ ಬಿಗಿ ಮಾಡು.”

“ಹೂನ್ರಿ,” ಎಂದ ಚೆನ್ನವೀರ.

ಆ ಬೋಲ್ಟು ಬಿಚ್ಚಬೇಕೆಂದರೆ ಬ್ಯಾಟರಿ ಇಳಿಸಬೇಕು, ಅದರ ತಟ್ಟೆ ತೆಗೆಯಬೇಕು. ನಾಳಿನ ಸಮಾರಂಭಕ್ಕೆ ಅವನಿಗೆ ಹೆಣ್ಣು ಕೊಡಲಿದ್ದ ಬೀಗರು ಬಂದು ಕೂತಿದ್ದರು. ಬಿಗಿಯಾದ ಸ್ಟೇರಿಂಗ್ ತೋರಿಸಿದರೆ ಶಂಕ್ರವ್ವ ‘ಚಲೋ ಗಾಡಿ ಕೆಡಿಸಿದಿ’ ಎಂದು ಊರೆಲ್ಲ ಸಾರಿಯಾಳು. ಹೀಗೆಲ್ಲ ತನಗೆ ತಾನೇ ಹೇಳಿಕೊಂಡ. ಅದು ಬರೀ ಮೈಗಳ್ಳತನ, ಅದಕ್ಕೆ ಬೇರೆ ದೊಡ್ಡ ಹೆಸರೇನೂ ಬೇಡ.

ಬ್ಯಾಟರಿಯ ತಲೆಯನ್ನು ಬಟ್ಟೆಯಿಂದ ಒರೆಸಿ, ಶಂಕ್ರವ್ವನ ಕೈಗೆ ಕೀಲಿ ಕೊಟ್ಟ. “ಇನ್ನ ಚಿಂತಿ ಬ್ಯಾಡಕ್ಕಾ.”

ಸಂಜೆ ಅಜ್ಜಾರು ಕೇಳಿದರು, “ಆತೇನು?”

“ಆತ್ರಿ ಅಜ್ಜಾರ.”

ಬೆಳಿಗ್ಗೆ ಅವನ ಹಣೆಗೆ ವಿಭೂತಿ ಬಿತ್ತು. ‘ಹೋಗು’ ಎಂಬ ಮಾತೂ ಸಿಕ್ಕಿತು.

ಗ್ಯಾರೇಜು ತೆರೆದ. ಹೆಸರಿನ ಬೋರ್ಡು ಹಾಕಿಸಿದ. ಗಿರಾಕಿಗಳು ಬರತೊಡಗಿದರು. ಅಷ್ಟರಲ್ಲಿ ಆಶ್ರಮದಿಂದ ಕರೆ ಬಂತು. ಹೋಗಿ ನೋಡಿದರೆ, ಅಂಗಳದಲ್ಲಿ ಮೂತಿ ಜಜ್ಜಿದ ಶಂಕ್ರವ್ವನ ಕಾರು. ಕಟ್ಟೆಯ ಮೇಲೆ ಶಂಕ್ರವ್ವ. ಅವಳ ಹಣೆಗೆ ಪಟ್ಟಿ ಕಟ್ಟಿತ್ತು.

“ತಂಗಿಗೆ ಬ್ಯಾನಿ ಸುರುವಾಗಿತ್ತು,” ಅವಳು ಅಜ್ಜಾರಿಗೆ ಹೇಳುತ್ತಿದ್ದಳು. “ಸೇತುವೆ ದಾಟಿ ತಿರುವಿನ್ಯಾಗ ಸ್ಟೇರಿಂಗ್ ಒಮ್ಮೆಲೆ ಕಲ್ಲಾತು. ಲಾಕ್ ಆತು ಅಂತ ಹೆದರಿ ಕೈ ಬಿಟ್ಟೆ. ಗಾಡಿ ತಗ್ಗಿಗೆ ಬಿತ್ತು. ತಂಗಿ ಉಳಿದ್ಲು. ಕೂಸು ಉಳೀಲಿಲ್ಲ.”

ಚೆನ್ನವೀರನನ್ನು ಕಂಡು ಅವಳೇ ಹೇಳಿದಳು, “ನೀ ಮನಸ್ಸಿಗೆ ಹಚ್ಕೋಬ್ಯಾಡ ತಮ್ಮಾ. ನೀ ಚಲೋನ ಮಾಡಿ ಕೊಟ್ಟಿದ್ದಿ. ಗಟ್ಟಿ ಹಿಡೀಲಾರದ ಕೈ ನಂದು. ತಂಗಿ ನನ್ನ ಮಾರಿ ನೋಡವಲ್ಲಳು. ಹೆಂಗ ನೋಡ್ಯಾಳು, ಕೂಸಿನ್ನ ಕೊಂದಾಕಿ ನಾನ.”

‘ತಪ್ಪು ನಂದಕ್ಕಾ’ ಎಂಬ ಒಂದು ಮಾತು ಆಡಿದ್ದರೆ ಸಾಕಿತ್ತು. ಆ ಮಾತು ಅವನ ಬಾಯಿಯವರೆಗೆ ಬಂತು. ಆದರೆ ಹೊಸ ಬೋರ್ಡು ಕಣ್ಣಿಗೆ ಕಟ್ಟಿತು, ಬೀಗರು ನೆನಪಾದರು. ಚೆನ್ನವೀರ ತನ್ನ ಕಾಲ್ಬೆರಳು ನೋಡುತ್ತ ನಿಂತುಬಿಟ್ಟ.

ಶಂಕ್ರವ್ವ ಅಜ್ಜಾರ ಪಾದ ಮುಟ್ಟಿ, ಸೆರಗು ಸರಿ ಮಾಡಿಕೊಂಡು, ಹೊಳೆಯ ದಂಡೆ ಹಿಡಿದು ನಡೆದು ಹೋದಳು.

ಅಜ್ಜಾರು ಬಾನೆಟ್ ಎತ್ತಿದರು. ಬ್ಯಾಟರಿ ಇಳಿಸಿದರು, ತಟ್ಟೆ ತೆಗೆದರು. ಬೋಲ್ಟಿನ ಮೇಲೆ ಹಸಿರು ಕಿಲುಬು, ಅದರ ಮೇಲೆ ಒಣಗಿದ ಕೆಸರು. ಬೋಲ್ಟು ತಿರುಗಿಸುವ ಪಾನಾ ತಾಗಿದ ಗುರುತು ಎಲ್ಲೂ ಇರಲಿಲ್ಲ.

“ನಾ ನೋಡಲಿಲ್ಲ,” ಎಂದರು ಅಜ್ಜಾರು. “ನಂಬಿದೆ.”

ಚೆನ್ನವೀರ ಅವರ ಕಾಲಿಗೆ ಬಿದ್ದ. ಬಿಕ್ಕಿ ಬಿಕ್ಕಿ ಅತ್ತ.

“ತಪ್ಪಾತ್ರಿ ಅಜ್ಜಾರ. ಈ ಪಾಪ ನನಗ ಹೊರಾಕ ಆಗವಲ್ದು. ಉಪವಾಸ ಇರು ಅಂದ್ರ ಇರತೀನಿ. ಗ್ಯಾರೇಜ್ ಮುಚ್ಚು ಅಂದ್ರ ಮುಚ್ಚತೀನಿ. ಇದನ್ನ ಹೆಂಗ ಇಳಿಸ್ಕೊಳ್ಲಿ, ಹೇಳ್ರಿ.”

ಅಜ್ಜಾರು ಕಾಲು ಹಿಂದಕ್ಕೆ ಎಳೆದುಕೊಂಡರು. ದಂಡೆಯ ದಾರಿಯತ್ತ ಕೈ ತೋರಿಸಿದರು.

“ನೀ ಎಲ್ಲಿ ಹೊತ್ತೀಯೋ? ಅಲ್ಲಿ ನೋಡು, ಆಕಿ ಹೊತ್ಕೊಂಡು ಹೊಂಟಾಳ.”