ಅಲುಗದ ಹಗ್ಗ

ಕಲಿನಾಥ ಆಶ್ರಮಕ್ಕೆ ಮರಳಿದಾಗ ಅವನ ಹಿಂದೆ ಮೂವರಿದ್ದರು. ಹೋಗುವಾಗ ನಾಲ್ವರಿದ್ದರು.

ಗುರುಗಳು ಜಗಲಿಯಿಂದ ಎದ್ದು ಹೋಗಿ ಒಂದು ಚೊಂಬು ನೀರು ತಂದುಕೊಟ್ಟರು.

"ತಿರಕಪ್ಪ ಸತ್ತ, ಅಜ್ಜಾರ," ಎಂದ ಕಲಿನಾಥ. "ಬಾವಿಯೊಳಗ. ಕೆಟ್ಟ ಗಾಳಿ."

"ಗೊತ್ತು. ನಿಮಗಿಂತ ಮೊದಲ ಸುದ್ದಿ ಬಂತು."

"ಕರೆಹಗ್ಗ ನನ್ನ ಕೈಯಾಗ ಇತ್ತು. ನೀರು ಕುಡಿಯಾಕೂ ಬಿಚ್ಚಿರಲಿಲ್ಲ. ಅಂವ ಎಳೀಲಿಲ್ಲ."

"ನೀರು ಕುಡಿ."

"ಒಂದ ಸಲ ಎಳದಿದ್ರ ಸಾಕಿತ್ತು, ಅಜ್ಜಾರ. ಎಳೀಲಿಲ್ಲ."

"ಕುಡಿ."

ಆ ಆಶ್ರಮದಲ್ಲಿ ಮಂತ್ರ ಕೊಡುತ್ತಿರಲಿಲ್ಲ, ಹಗ್ಗ ಕೊಡುತ್ತಿದ್ದರು. ಊರೂರಿನ ಹಳೆಯ ಬಾವಿಗಳ ಹೂಳು ತೆಗೆಯುವುದೇ ಅಲ್ಲಿಯ ಸಾಧನೆ. ಬೇಸಿಗೆಯಲ್ಲಿ ನೀರು ತಳ ಕಂಡಾಗ ಇಳಿಯಬೇಕು, ಮಳೆ ಬೀಳುವ ಮೊದಲು ಮುಗಿಸಬೇಕು. ಮೋಕ್ಷ ಹುಡುಕಿಕೊಂಡು ಬಂದವರು ಎರಡೇ ದಿನಕ್ಕೆ ಗಂಟುಮೂಟೆ ಕಟ್ಟುತ್ತಿದ್ದರು. ಗುರುಗಳ ಹೆಸರು ಏನಿತ್ತೋ, ಎಲ್ಲರೂ ಬಾವಿಯಜ್ಜ ಎನ್ನುತ್ತಿದ್ದರು.

ಕೆಲಸದ ರೀತಿ ಇಷ್ಟೇ. ಒಬ್ಬ ಇಳಿಯುತ್ತಾನೆ. ಅವನ ಸೊಂಟಕ್ಕೆ ದಪ್ಪ ಹಗ್ಗ, ಅದು ರಾಟೆಯ ಮೇಲೆ. ಕೈಯಲ್ಲಿ ಇನ್ನೊಂದು ತೆಳ್ಳನೆಯ ಹಗ್ಗ. ಅದು ಕರೆಹಗ್ಗ. ಅದರ ಮೇಲಿನ ತುದಿಯನ್ನು ತಂಡದ ಯಜಮಾನ ತನ್ನ ಮಣಿಕಟ್ಟಿಗೆ ಕಟ್ಟಿಕೊಂಡು ದಡದಲ್ಲಿ ಕೂರುತ್ತಾನೆ.

ಮೊದಲು ದೀಪ ಇಳಿಸಿ ಗಾಳಿ ನೋಡುತ್ತಾರೆ, ನಿಜ. ಆದರೆ ಹೂಳು ಕೆದಕಿದ ಮೇಲೆ ಏಳುವ ಗಾಳಿ ಆ ದೀಪಕ್ಕೆ ಗೊತ್ತಾಗುವುದಿಲ್ಲ. ಅದು ಕೆಳಗಿದ್ದವನ ಎದೆಗೆ ಮಾತ್ರ ಗೊತ್ತು. ಉಸಿರು ಕಟ್ಟಿದವನಿಗೆ ಕೂಗಲು ಬರುವುದಿಲ್ಲ, ಆದ್ದರಿಂದ ಎಳೆಯಬೇಕು. ಎಳೆದ ಕೂಡಲೇ ಮೇಲಿನವರು ಎತ್ತಬೇಕು.

ಮೇಲೆ ಬಂದವನಿಗೆ ಒಂದು ಚೂರು ಬೆಲ್ಲ, ಒಂದು ಚೊಂಬು ನೀರು. ಉಸಿರು ಕಟ್ಟಿ ಎಳೆದಿರಲಿ, ಕಪ್ಪೆಗೆ ಹೆದರಿ ಎಳೆದಿರಲಿ, ಬೆಲ್ಲ ಒಂದೇ. ಬಾಯೊಳಗಿನ ಬೆಲ್ಲ ಕರಗುವ ತನಕ ಯಾಕೆ ಎಳೆದೆ ಎಂದು ಯಾರೂ ಕೇಳಬಾರದು. ಬಾವಿಯಜ್ಜ ಮಾಡಿದ ಕಟ್ಟಳೆ ಅದೊಂದೇ.

ಕಲಿನಾಥ ಅದನ್ನು ಬದಲಿಸಿದ.

ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕಥೆ ಹೇಳುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ. ತಂಡ ಅವನ ಕೈಗೆ ಬಂದ ಮೊದಲ ಬೇಸಿಗೆ ಅದು. ಹಗ್ಗ ಪದೇಪದೇ ಅಲುಗುತ್ತಿತ್ತು, ಕೆಲಸ ನಿಂತು ನಿಂತು ಸಾಗುತ್ತಿತ್ತು. ಬೆಲ್ಲದ ಆಸೆಗೆ ಎಳೆಯುತ್ತಾರೆ ಎಂದು ಅವನಿಗೆ ಅನ್ನಿಸಿತು.

"ಇನ್ನ ಮ್ಯಾಲ ಒಮ್ಮೆಯೂ ಎಳೀದ ಕೆಲಸ ಮುಗಿಸಿದವಗ ಬೆಲ್ಲ," ಎಂದ. "ಎಳದವಗ ಬರೇ ನೀರು."

ಮರುದಿನವೇ ತಿರಕಪ್ಪ ಎಳೆದ. ಮೇಲೆ ಬಂದಾಗ ಮೈಯೆಲ್ಲ ಬೆವೆತಿತ್ತು. ಏನಾಯಿತೆಂದು ಹೇಳಲು ಅವನಿಗೆ ತಿಳಿಯಲಿಲ್ಲ.

"ಕೆಳಗ ಹ್ವಾದ ಕೂಡ್ಲೆ ಅವ್ವ ನೆನಪಾದ್ಲೇನೋ?" ಎಂದ ಕಲಿನಾಥ.

ಎಲ್ಲರೂ ನಕ್ಕರು. ತಿರಕಪ್ಪನೂ ನಕ್ಕ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ. ಇಲ್ಲಿ ಇಲಿಯೂ ನಕ್ಕಿತು, ಹಾಗಾಗಿ ಬೆಕ್ಕಿಗೆ ಏನೂ ಗೊತ್ತಾಗಲಿಲ್ಲ.

ಅಂದಿನಿಂದ ಹಗ್ಗ ಸುಮ್ಮನಾಯಿತು. ಎರಡು ಬಾವಿ ಆಗುವ ಕಡೆ ಮೂರು ಆದವು. ಕಲಿನಾಥ ಹೆಮ್ಮೆಯಿಂದ ಆಶ್ರಮಕ್ಕೆ ಹೇಳಿಕಳಿಸಿದ: ಒಂದು ತಿಂಗಳಿಂದ ಹಗ್ಗ ಅಲುಗಿಲ್ಲ, ನಮ್ಮವರು ಗಟ್ಟಿಯಾಗಿದ್ದಾರೆ.

ನಾಲ್ಕನೆಯ ಬಾವಿಯಲ್ಲಿ ಹೂಳಿನ ಬುಟ್ಟಿ ಮೇಲೆ ಬರುವುದು ನಿಂತಿತು. ತಿರಕಪ್ಪ ದಣಿವಾರಿಸಿಕೊಳ್ಳುತ್ತಿರಬೇಕು ಎಂದುಕೊಂಡರು. ಆಮೇಲೆ ಎತ್ತಿದರು. ಕರೆಹಗ್ಗ ಅವನ ಕೈಗೆ ಎರಡು ಸುತ್ತು ಸುತ್ತಿಕೊಂಡಿತ್ತು. ಹಿಡಿದಿದ್ದ, ಎಳೆದಿರಲಿಲ್ಲ.

ಆಶ್ರಮಕ್ಕೆ ಬಂದ ಮೂವರೂ ಕಲಿನಾಥನ ಜೊತೆ ಮಾತು ಬಿಟ್ಟರು. ಜಗಳವಾಡಲಿಲ್ಲ. ಅವನು ಊಟಕ್ಕೆ ಕೂತಾಗ ಇವರ ಊಟ ಮುಗಿದಿರುತ್ತಿತ್ತು, ಅಷ್ಟೇ. ಮೂವರಲ್ಲಿ ಹಿರಿಯ ದ್ಯಾವಣ್ಣ ಮಾತ್ರ ಒಮ್ಮೆ ಬಾಯಿ ಬಿಟ್ಟ. ಅದೂ ಗುರುಗಳ ಹತ್ತಿರ.

"ಬಾವಿ ಇಳಿಯೂದು ಬಿಡೂದಿಲ್ಲ, ಅಜ್ಜಾರ. ಆದ್ರ ಹಗ್ಗ ಅವನ ಕೈಯಾಗ ಇದ್ರ ನಾವು ಯಾರೂ ಇಳಿಯೂದಿಲ್ಲ."

ಮೂರನೆಯ ದಿನ ತಿರಕಪ್ಪನ ತಾಯಿ ಗಿರೆವ್ವ ಬಂದಳು. ಸೆರಗಿನ ಗಂಟು ಬಿಚ್ಚಿ ಗುರುಗಳ ಮುಂದೆ ಇಟ್ಟಳು. ಅದರಲ್ಲಿ ಬೆಲ್ಲದ ಚೂರುಗಳಿದ್ದವು.

"ಹಗ್ಗ ಎಳೀದ ಇದ್ದದ್ದಕ್ಕ ಕೊಟ್ಟ ಬೆಲ್ಲ ಅಂತ್ರಿ. ತಾ ತಿಂತಿರಲಿಲ್ಲ, ಊರಿಗೆ ಬಂದಾಗ ನನಗ ತಂದು ಕೊಡಾಂವ. ಇದನ್ನ ನಾ ಏನ್ ಮಾಡ್ಲಿ?"

ಬಾವಿಯಜ್ಜ ಎರಡೂ ಕೈಯಲ್ಲಿ ಬೆಲ್ಲ ತೆಗೆದುಕೊಂಡು ದೀಪದ ಗೂಡಿನಲ್ಲಿ ಇಟ್ಟರು.

ಗಿರೆವ್ವ ಕಂಬದ ಪಕ್ಕ ನಿಂತವನನ್ನು ನೋಡಿದಳು.

"ಕಲಿನಾಥ ಅಂದ್ರ ನೀವೇನ್ರಿ?"

"ಹೌದವ್ವಾ."

"ಕೆಳಗ ಹ್ವಾದ್ರ ಅವ್ವ ನೆನಪಾಗ್ತಾಳ ಅಂತ ನೀವು ಅಂದಿದ್ರಂತ. ನಕ್ಕೋಂತ ಹೇಳಿದ್ದ." ಅವಳು ಖಾಲಿಯಾದ ಸೆರಗಿನ ತುದಿಗೆ ಮತ್ತೆ ಗಂಟು ಹಾಕಿದಳು. "ಖರೇನೇನ್ರಿ ಅದು? ನನ್ನ ನೆನಸ್ತಿದ್ದನೇನು?"

ಕಲಿನಾಥ ಕಂಬದ ಹಿಂದಕ್ಕೆ ಸರಿದ. ಗಿರೆವ್ವ ಉತ್ತರಕ್ಕಾಗಿ ಬಹಳ ಹೊತ್ತು ಕಾದಳು, ಆಮೇಲೆ ಎದ್ದು ಹೋದಳು.

ಸಂಜೆ ಅವನು ಎಲ್ಲರೆದುರಿಗೆ ಗುರುಗಳ ಕಾಲು ಹಿಡಿದ.

"ನನಗ ಶಿಕ್ಷೆ ಕೊಡ್ರಿ."

"ಮೊದಲ ನನ್ನದು ಕೇಳು," ಎಂದರು ಬಾವಿಯಜ್ಜ. "ತಿಂಗಳಿಂದ ಹಗ್ಗ ಅಲುಗಿಲ್ಲ ಅಂತ ನೀ ಹೇಳಿಕಳಿಸಿದಿ. ನಲವತ್ತು ವರ್ಷ ಬಾವಿ ಇಳಿದಾಂವ ನಾ. ತಿಂಗಳಗಟ್ಟಲೆ ಯಾರಿಗೂ ಅಂಜಿಕಿ ಹುಟ್ಟಿಸದ ಬಾವಿ ಇಲ್ಲ ಅಂತ ನನಗ ಗೊತ್ತಿತ್ತು. ಆದ್ರೂ ಏನಂತ ಕೇಳಲಿಲ್ಲ. ಅವತ್ತ ಹೋಳಿಗಿ ಮಾಡಿಸಿ ಉಂಡೆ."

ಗುರುಗಳು ತಮ್ಮ ತಪ್ಪನ್ನು ಹೀಗೆ ಹೇಳಿದ್ದನ್ನು ಕೇಳಿ ದ್ಯಾವಣ್ಣ ತಲೆಯೆತ್ತಿದ. ಕಲಿನಾಥನಿಗೆ ಆ ಮಾತು ತಲುಪಲಿಲ್ಲ. ಅವನ ತಲೆಯಲ್ಲಿ ಒಂದೇ ಪ್ರಶ್ನೆ ತಿರುಗುತ್ತಿತ್ತು.

"ನಾ ನಕ್ಕದ್ದು ತಪ್ಪ, ಒಪ್ಪಿದೆ. ಆದ್ರ ಜೀವ ಹೋಗೂ ಹೊತ್ತಿನಾಗ ಯಾರಾದ್ರೂ ನಗಿಗೆ ಅಂಜತಾರೇನು? ಅಂವ ಯಾಕ ಎಳೀಲಿಲ್ಲ?"

"ನಾಳೆ ನಮ್ಮ ಬಾವಿ ಹೂಳು ತೆಗೆಯೂಣು," ಎಂದರು ಗುರುಗಳು. "ನಾ ಇಳೀತೀನಿ. ಕರೆಹಗ್ಗ ನೀ ಹಿಡಿ."

ಬೆಳಿಗ್ಗೆ ದೀಪ ಇಳಿಸಿ ನೋಡಿದರು. ಆಶ್ರಮದ ಬಾವಿ ಸಣ್ಣದು, ಹೂಳು ಕಡಿಮೆ. ಮೂವರೂ ದೂರದ ಬೇವಿನ ಮರದ ಕೆಳಗೆ ಕೂತಿದ್ದರು, ಯಾರೂ ಹಗ್ಗ ಮುಟ್ಟಲಿಲ್ಲ. ಕಲಿನಾಥ ಕರೆಹಗ್ಗವನ್ನು ಮಣಿಕಟ್ಟಿಗೆ ಕಟ್ಟಿಕೊಂಡು, ರಾಟೆಯ ಹಗ್ಗ ಹಿಡಿದು ಮುದುಕನನ್ನು ತಾನೊಬ್ಬನೇ ಇಳಿಸಿದ.

ಕಾಲು ತಳ ಮುಟ್ಟಿತೋ ಇಲ್ಲವೋ, ಹಗ್ಗ ಅಲುಗಿತು. ಕಲಿನಾಥ ಎದ್ದುಬಿದ್ದು ಎತ್ತಿದ.

"ಏನಾತು, ಅಜ್ಜಾರ?"

"ಕತ್ತಲ. ಅಂಜಿಕಿ ಬಂತು."

ಮತ್ತೆ ಇಳಿಸಿದ. ಮತ್ತೆ ಅಲುಗಿತು.

"ಈಗೇನಾತು?"

"ಕಪ್ಪಿ ಜಿಗೀತು."

ಮೂರನೆಯ ಸಲ ಬೆನ್ನಿಗೆ ಹನಿ ಬಿತ್ತು ಎಂದರು. ನಾಲ್ಕನೆಯ ಸಲ ಏನೂ ಹೇಳಲಿಲ್ಲ. ಬಿಸಿಲು ನೆತ್ತಿಗೆ ಬಂತು, ಕಲಿನಾಥನ ಅಂಗೈ ಸುಲಿಯಿತು. ಆದರೂ ಅವನು ತುಟಿ ಕಚ್ಚಿ ಎತ್ತಿದ. ಒಂದೂ ಕಟುಮಾತು ಆಡಲಿಲ್ಲ, ನಗುವಂತೂ ದೂರವೇ.

ಐದನೆಯ ಸಲ ಮುದುಕನ ತಲೆ ದಡಕ್ಕೆ ಬರುವ ಹೊತ್ತಿಗೆ ಕಲಿನಾಥನಿಂದ ಒಂದು ನಿಟ್ಟುಸಿರು ಹೊರಬಿತ್ತು. ಅವನಿಗೇ ಅದು ಗೊತ್ತಾಗಲಿಲ್ಲ.

ಬಾವಿಯಜ್ಜ ಅವನ ಮುಖ ನೋಡಿದರು. ಮತ್ತೆ ಇಳಿದರು.

ಈ ಸಲ ಹಗ್ಗ ಅಲುಗಲಿಲ್ಲ.

ಕಲಿನಾಥ ದಡದಲ್ಲಿ ಕೂತ. ಸದ್ಯ, ಕೆಲಸ ನಡೆಯುತ್ತಿದೆ ಎಂದುಕೊಂಡ. ಅಂಗೈಗೆ ಉಗುಳು ಹಚ್ಚಿಕೊಂಡ. ಬೇವಿನ ನೆರಳು ಒಂದು ಮೊಳ ಸರಿಯಿತು.

ಆಮೇಲೆ ಅವನಿಗೆ ಆ ಇನ್ನೊಂದು ಬಾವಿಯ ದಡ ನೆನಪಾಯಿತು. ಅಲ್ಲೂ ಹೀಗೇ ಕೂತಿದ್ದ. ಹೀಗೇ ಅಂದುಕೊಂಡಿದ್ದ.

"ಅಜ್ಜಾರ!" ಎಂದು ಕೂಗಿದ. ಬಾವಿ ಅವನ ದನಿಯನ್ನೇ ತಿರುಗಿ ಕೊಟ್ಟಿತು.

"ದ್ಯಾವಣ್ಣಾ, ಬಾರೋ! ಅಜ್ಜಾರು!"

ಮೂವರೂ ಓಡಿಬಂದರು. ನಾಲ್ವರೂ ಸೇರಿ ಎತ್ತಿದರು. ಬಾವಿಯಜ್ಜ ಮೇಲೆ ಬಂದಾಗ ಮುಖ ಬಿಳಿಚಿಕೊಂಡಿತ್ತು, ಒಂದು ಕಾಲು ಮಡಚಿದ್ದು ನೆಟ್ಟಗಾಗಲಿಲ್ಲ. ಕರೆಹಗ್ಗ ಕೈಗೆ ಎರಡು ಸುತ್ತು ಸುತ್ತಿತ್ತು.

"ಏನಾತು, ಅಜ್ಜಾರ?" ಕಲಿನಾಥ ಅಳುತ್ತಿದ್ದ.

"ಕಾಲು ಸೆಳೀತು. ಹೂಳಿನಾಗ ಕೂತುಬಿಟ್ಟೆ. ಏಳಾಕ ಆಗಲಿಲ್ಲ."

"ಮತ್ತ ಎಳೀಬೇಕಿಲ್ಲೇನ್ರಿ? ಕಪ್ಪಿ ಕಂಡಾಗ ಎಳದ್ರಿ, ಖರೇ ಕುತ್ತು ಬಂದಾಗ ಯಾಕ ಎಳೀಲಿಲ್ಲ?"

"ಎಳೀಬೇಕಂತ ಹಗ್ಗ ಹಿಡಿದೆ. ಹಿಡಕೊಂಡ ಇದ್ದೆ. ಇನ್ನೊಂದೀಟು ಹೊತ್ತು ತಡೀತೀನಿ, ಕಾಲು ತಾನ ಬಿಡತೈತಿ ಅನ್ನಿಸ್ತು."

"ಯಾಕ?"

"ನೀ ನಿಟ್ಟುಸಿರು ಬಿಟ್ಟಿದ್ದಿ."

ಕಲಿನಾಥ ದಡದ ಕಲ್ಲಿಗೆ ಕುಸಿದು ಕೂತ.

"ಅಷ್ಟಕ್ಕ?"

"ಅಷ್ಟಕ್ಕ. ನಾ ನಿನ್ನ ಗುರು. ಎಪ್ಪತ್ತು ದಾಟಿದ ಮುದುಕ. ನಿನಗ ಪಾಠ ಮಾಡಬೇಕಂತ ಇಳಿದಾಂವ." ತಾವು ಕಲಿಸಲು ಹೋದದ್ದು ತಮಗೇ ಸಂಭವಿಸಿದ್ದಕ್ಕೆ ಅವರೂ ಬೆದರಿದ್ದರು. "ತಿರಕಪ್ಪಗ ಇಪ್ಪತ್ನಾಕು ವರ್ಷ. ನೀವು ನಾಲ್ಕೂ ಮಂದಿ ನಕ್ಕಿದ್ರಿ."

ದ್ಯಾವಣ್ಣ ಮುಖ ಆಚೆ ತಿರುಗಿಸಿದ. ಈ ಮೂರು ದಿನ ಎಲ್ಲವನ್ನೂ ಕಲಿನಾಥನ ತಲೆಗೆ ಕಟ್ಟಿ ಅವನು ಹೇಗೋ ನಿದ್ದೆ ಮಾಡಿದ್ದ.

ಎಷ್ಟೋ ಹೊತ್ತಿನ ಮೇಲೆ ಕಲಿನಾಥ ತನ್ನ ಮಣಿಕಟ್ಟಿನ ಹಗ್ಗ ಬಿಚ್ಚಿದ. ಅದನ್ನು ದ್ಯಾವಣ್ಣನ ಮುಂದೆ ಚಾಚಿದ.

"ಹಿಡಿ. ನಾ ಇಳೀತೀನಿ."

ದ್ಯಾವಣ್ಣ ಕೈ ಮುಂದೆ ಮಾಡಲಿಲ್ಲ. ಹಗ್ಗ ಗಾಳಿಯಲ್ಲಿ ಸುಮ್ಮನೆ ತೂಗಿತು. ಕಲಿನಾಥ ಅದನ್ನು ಅವನ ಕಾಲ ಬಳಿ ಇಟ್ಟು, ಸೊಂಟಕ್ಕೆ ದಪ್ಪ ಹಗ್ಗ ಕಟ್ಟಿಕೊಂಡು ಬಾವಿಯ ಅಂಚಿನಲ್ಲಿ ಕೂತ. ಆಗ ದ್ಯಾವಣ್ಣ ಬಗ್ಗಿ ಹಗ್ಗ ಎತ್ತಿಕೊಂಡ. ಉಳಿದಿಬ್ಬರು ರಾಟೆಗೆ ಬಂದರು.

ಆ ಬೇಸಿಗೆಯಲ್ಲಿ ಕಲಿನಾಥ ಒಮ್ಮೆಯೂ ಇಳಿದಿರಲಿಲ್ಲ. ಯಜಮಾನನ ಜಾಗ ದಡದಲ್ಲಿ. ತಳದಲ್ಲಿ ನಿಂತು ತಲೆಯೆತ್ತಿ ನೋಡಿದ. ಆಕಾಶ ಒಂದು ರೊಟ್ಟಿಯಷ್ಟಿತ್ತು. ಅಂಚಿನಲ್ಲಿ ಮೂರು ತಲೆಗಳು ಕಪ್ಪಗೆ ಕಾಣುತ್ತಿದ್ದವು. ಯಾವ ತಲೆ ಯಾರದೆಂದು ಗೊತ್ತಾಗಲಿಲ್ಲ. ಅವುಗಳ ಮುಖದಲ್ಲಿ ಏನಿದೆ, ಅದೂ ಗೊತ್ತಾಗಲಿಲ್ಲ.

ಗಾಳಿ ಚೆನ್ನಾಗಿಯೇ ಇತ್ತು. ಆದರೂ ಇಲ್ಲಿಂದ ಹೋಗಬೇಕು ಅನ್ನಿಸಿತು. ಹಗ್ಗ ಹಿಡಿದ.

ಎಳೆಯಲು ಕೈ ಬರಲಿಲ್ಲ.

ಎಳೆದರೆ ಏನಂದುಕೊಳ್ಳುತ್ತಾರೆ? ತಿರಕಪ್ಪನನ್ನು ಕೊಂದವನು ತಾನು ಮಾತ್ರ ಬೇಗ ಎಳೆದ ಎನ್ನುತ್ತಾರೆ. ನಗಬಹುದು. ಎತ್ತದೆಯೂ ಇರಬಹುದು. ಇನ್ನೊಂದಿಷ್ಟು ಹೊತ್ತು ತಡೆದರಾಯಿತು.

ಹಗ್ಗ ಅವನ ಅಂಗೈ ಸುತ್ತ ಒಂದು ಸುತ್ತು ಸುತ್ತಿತು. ಎರಡನೆಯ ಸುತ್ತಿಗೆ ಅವನು ತನ್ನ ಕೈಯನ್ನು ನೋಡಿದ. ಆಗ ಅವನಿಗೆ ತಿರಕಪ್ಪನ ಕೈ ಅರ್ಥವಾಯಿತು. ಬಾವಿಯ ಗೋಡೆಗೆ ಹಣೆ ಹಚ್ಚಿ, ಗಿರೆವ್ವ ಕೇಳಿದ ಪ್ರಶ್ನೆಗೆ ಅವನು ಉತ್ತರ ಹೇಳಿದ. "ಹೌದವ್ವಾ, ನೆನಸ್ತಿದ್ದ." ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಆಮೇಲೆ ಎಳೆದ.

ಮೇಲೆ ದ್ಯಾವಣ್ಣ ತನ್ನ ಮಣಿಕಟ್ಟಿನಲ್ಲಿ ಅಲುಗಿದ ಹಗ್ಗವನ್ನು ನೋಡುತ್ತ ನಿಂತ. ಒಂದು ಉಸಿರು. ಎರಡು. ರಾಟೆಯ ಹತ್ತಿರವಿದ್ದ ಇಬ್ಬರೂ ಅವನ ಮುಖವನ್ನೇ ನೋಡುತ್ತಿದ್ದರು. ಬಾವಿಯಜ್ಜ ಕುಂಟುತ್ತ ಆಶ್ರಮದ ಒಳಗೆ ಹೋಗಿದ್ದರು, ಹೇಳುವವರು ಯಾರೂ ಇರಲಿಲ್ಲ.

"ಎತ್ರಿ," ಎಂದ ದ್ಯಾವಣ್ಣ.

ಕಲಿನಾಥ ಅಂಚಿಗೆ ಬಂದು ಕೂತ. ಯಾರೂ ಏನೂ ಕೇಳಲಿಲ್ಲ. ಅವನೇ ಹೇಳಿದ.

"ಅಂಜಿದೆ."

ಯಾರೂ ನಗಲಿಲ್ಲ. ದ್ಯಾವಣ್ಣ ಒಂದು ಚೊಂಬು ನೀರು ತಂದ. ಅದನ್ನು ಅವನ ಕೈಗೆ ಕೊಡಲಿಲ್ಲ, ಪಕ್ಕದ ಕಲ್ಲಿನ ಮೇಲೆ ಇಟ್ಟ. ಇಟ್ಟು ಅಲ್ಲೇ ನಿಂತ.

ಬಾವಿಯಜ್ಜ ಕೋಲೂರಿಕೊಂಡು ಹೊರಗೆ ಬಂದರು. ದೀಪದ ಗೂಡಿನಲ್ಲಿಟ್ಟಿದ್ದ ಬೆಲ್ಲದಿಂದ ಒಂದು ಚೂರು ತಂದಿದ್ದರು. ಕಲಿನಾಥ ಅದನ್ನು ಗುರುತಿಸಿ ಎರಡೂ ಕೈ ಹಿಂದಕ್ಕೆ ಎಳೆದುಕೊಂಡ.

"ಇದು ನನಗ ಬ್ಯಾಡ, ಅಜ್ಜಾರ. ನನ್ನ ಗಂಟಲದಾಗ ಇಳಿಯೂದಿಲ್ಲ."

ಗುರುಗಳು ಅವನ ಸುಲಿದ ಅಂಗೈಯನ್ನು ಹಿಡಿದು ಬಿಡಿಸಿ, ಬೆಲ್ಲ ಇಟ್ಟು, ಬೆರಳು ಮಡಚಿದರು.

"ತಿನ್ನು. ಇದು ತಿರಕಪ್ಪಂದು. ಕರಗೂ ತನಕ ಯಾರೂ ಏನೂ ಕೇಳಬ್ಯಾಡ್ರಿ."