ಹಾಗಲಬಳ್ಳಿ ಕಹಿ ಬೇಡಿದ್ದು

ಲೋಕ ಇನ್ನೂ ಹಸಿ ಮಡಕೆಯ ಹಾಗಿದ್ದ ಕಾಲ. ಒಣಗಿರಲಿಲ್ಲ, ಸುಟ್ಟಿರಲಿಲ್ಲ. ಯಾರು ಎಲ್ಲಿ ಬೆರಳಿಟ್ಟರೂ ಅಲ್ಲೊಂದು ಗುರುತು ಉಳಿದುಬಿಡುತ್ತಿತ್ತು.

ಕಪ್ಪೆ ಆಗ ತನ್ನ ದನಿ ಯಾವುದು ಅಂತ ಹುಡುಕುತ್ತಿತ್ತು. ಬದನೆಯ ತೊಟ್ಟಿಗೆ ಮುಳ್ಳಿರಲಿಲ್ಲ. ಬೆಂಡೆ ಕಿತ್ತರೆ ಕೈ ತುರಿಸುತ್ತಿರಲಿಲ್ಲ. ತರಕಾರಿಗಳಿಗೆಲ್ಲ ಒಂದಿಷ್ಟು ಸಿಹಿ ಇತ್ತು. ಎಲ್ಲಕ್ಕಿಂತ ಸಿಹಿ ಯಾವುದು ಗೊತ್ತೇ? ಹಾಗಲಕಾಯಿ.

ಹೌದು, ಹಾಗಲಕಾಯಿಯೇ. ಎಳೆಕೂಸಿನ ಕೆನ್ನೆಯ ಹಾಗೆ ನುಣ್ಣಗಿತ್ತು. ಮಕ್ಕಳು ಬಳ್ಳಿಯಿಂದ ಕಿತ್ತು ಹಾಗೇ ಕಚ್ಚಿ ತಿನ್ನುತ್ತಿದ್ದರು.

ಆ ಕಾಲದಲ್ಲಿ ಸಾಕಿ ಅನ್ನುವ ಹುಡುಗಿ ಮದುವೆಯಾಗಿ ಹೊಳೆಯ ಆಚೆ ದಡದಿಂದ ಈಚೆ ದಡಕ್ಕೆ ಬಂದಳು. ಬರುವಾಗ ಅವಳ ಅವ್ವ ಮಡಿಲಿಗೆ ಅಕ್ಕಿ, ಬೆಲ್ಲ, ಅದರ ಜೊತೆ ಏಳು ಹಾಗಲಬೀಜ ಹಾಕಿ ಗಂಟು ಕಟ್ಟಿ ಕಳಿಸಿದಳು. ಹೊಸ ಮನೆಯಲ್ಲಿ ಮಾತಾಡಲು ಯಾರೂ ಇಲ್ಲ ಅನ್ನಿಸಿದಾಗ ಬಳ್ಳಿಯ ಪಕ್ಕ ಹೋಗಿ ಕೂತುಕೋ ಅಂದಿದ್ದಳು.

ಸಾಕಿಗೆ ಮಾತು ಕಡಿಮೆ. ಎದುರಿಗಿರುವವರ ಮುಖ ನೋಡುವ ಬದಲು ಅವರ ಕಾಲಿನ ಉಂಗುರ ನೋಡುತ್ತಿದ್ದಳು. ಅವಳ ಅತ್ತೆ ಮುದ್ದವ್ವ ಮಾತ್ರ ಇಬ್ಬರ ಮಾತನ್ನೂ ಒಬ್ಬಳೇ ಆಡುತ್ತಿದ್ದಳು. ಬಂದವರಿಗೆಲ್ಲ ಹೇಳುತ್ತಿದ್ದಳು:

"ನಮ್ಮ ಸೊಸೆ ಬಾಯಲ್ಲಿ ಮಾತು ಬಿತ್ತಿ ನೀರು ಹಾಕಿದ್ರೂ ಮೊಳಕೆ ಒಡಿಯಲ್ಲ ಕಣವ್ವ."

ಹೇಳಿ ನಗುತ್ತಿದ್ದಳು. ಬೇಯಿಸಿದ ಗೆಣಸಿನಲ್ಲಿ ದೊಡ್ಡದನ್ನು ಸೊಸೆಯ ಕಡೆಗೇ ಸರಿಸುತ್ತಿದ್ದಳು. ಸಾಕಿ ಅದನ್ನೂ ಗಮನಿಸಿದ್ದಳು.

ಮನೆಯ ಹಿಂದೆ ಹಿತ್ತಲು. ಅಲ್ಲಿ ಬದನೆ, ಬೆಂಡೆ, ಬೇಲಿಗೆ ಅವರೆ, ತಿಪ್ಪೆಯ ಪಕ್ಕ ಕುಂಬಳ. ಒಂದು ಮೂಲೆಯಲ್ಲಿ ಬೇವಿನ ಮರ. ಸಾಕಿ ಆ ಬೇವಿನ ಬುಡದಲ್ಲಿ ಗುಂಡಿ ತೋಡಿ, ಗೊಬ್ಬರ ಹಾಕಿ, ಏಳು ಬೀಜ ಊರಿದಳು. ಮುದ್ದವ್ವ ನಾಲ್ಕು ಗಳ ನಿಲ್ಲಿಸಿ ಚಪ್ಪರ ಹಾಕಿಕೊಟ್ಟಳು.

ಏಳರಲ್ಲಿ ಎರಡು ಮೊಳೆಯಲೇ ಇಲ್ಲ. ಒಂದನ್ನು ಕೋಳಿ ಕೆದಕಿತು. ಮೂರನ್ನು ಹುಳ ಬುಡದಲ್ಲೇ ಕತ್ತರಿಸಿತು. ಉಳಿದದ್ದು ಒಂದೇ ಬಳ್ಳಿ. ಅದು ಚಪ್ಪರ ಹತ್ತಿ ಹಳದಿ ಹೂ ಬಿಟ್ಟಿತು.

ಆ ಮಳೆಗಾಲದಲ್ಲಿ ಹೊಳೆ ತನ್ನ ದಾರಿ ಹುಡುಕುತ್ತಾ ಅಲೆದಾಡಿತು. ಅದಕ್ಕೂ ದಾರಿ ಹೊಸದು ನೋಡಿ. ಒಂದು ಬೆಳಿಗ್ಗೆ ಸಾಕಿ ನೀರಿಗೆ ಹೋದಾಗ ಹೊಳೆ ಕೆಸರು ಕೆಸರಾಗಿ, ತಲೆ ತಗ್ಗಿಸಿಕೊಂಡು ಹರಿಯುತ್ತಿತ್ತು. ಆಚೆ ದಡದಲ್ಲಿ ತಿರುಗುವುದು ಗೊತ್ತಾಗದೆ ನಿಮ್ಮವ್ವನ ಹಿತ್ತಲಿಗೇ ನುಗ್ಗಿಬಿಟ್ಟೆ ಅಂತ ಹೇಳಿಕೊಂಡಿತು. ಅವ್ವ, ಅಪ್ಪ, ತಮ್ಮಂದಿರು ಎಲ್ಲ ದಿಬ್ಬ ಹತ್ತಿದ್ದಾರೆ, ಕ್ಷೇಮವಾಗಿದ್ದಾರೆ. ಆದರೆ ಹಾಗಲಬಳ್ಳಿ ಒಂದೂ ಉಳಿದಿಲ್ಲ. ಅಟ್ಟದ ಮೇಲಿದ್ದ ಬೀಜವೂ ಇಲ್ಲ.

"ಬೇಕಂತ ಮಾಡ್ಲಿಲ್ಲ ಮಗಳೇ," ಅಂದಿತು ಹೊಳೆ.

ಸಾಕಿ ಕೊಡ ತುಂಬಿಕೊಂಡು ಮನೆಗೆ ಬಂದು ಬಳ್ಳಿಯ ಮುಂದೆ ಕೂತಳು. ಹಾಗಲ ಆಗ ಬೆಳೆಯುತ್ತಿದ್ದದ್ದು ಅವ್ವನ ಹಿತ್ತಲಲ್ಲಿ ಮಾತ್ರ, ಇನ್ನು ಲೋಕದಲ್ಲಿ ಇರುವುದು ಇದೊಂದೇ ಬಳ್ಳಿ. ಇದರ ಒಂದು ಕಾಯಾದರೂ ಬಲಿತು ಬೀಜವಾಗಬೇಕು. ಆಗದಿದ್ದರೆ ಮುಂದಿನ ಮಳೆಗೆ ಹಾಗಲ ಅನ್ನುವುದೇ ಇಲ್ಲ.

ಆದರೆ ಅಷ್ಟು ಸಿಹಿಯಾದ ಕಾಯನ್ನು ಬಲಿಯಲು ಬಿಡುವವರು ಯಾರು? ಹಸಿರು ಹುಳು ಬಂತು. ಕಂಬಳಿಹುಳ ಬಂತು. ಹೆಸರೇ ಇಟ್ಟಿರದ ಇನ್ನೂ ಎಷ್ಟೋ ಬಂದವು. ಹೀಚು ಕಿರುಬೆರಳಷ್ಟಾಗುವ ಮೊದಲೇ ತೂತು.

ಮುದ್ದವ್ವ ತನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿಸಿದಳು. ಮುಂಜಾನೆ ಎಲೆಯ ಮೇಲೆ ಇಬ್ಬನಿ ಇರುವಾಗಲೇ ಒಲೆಯ ಬೂದಿ ಎರಚಿಸಿದಳು. ಬೂದಿ ಕೂತಿತು, ಮಳೆ ಬಂದು ತೊಳೆಯಿತು. ಹುಳಿ ಮಜ್ಜಿಗೆ ಚಿಮುಕಿಸಿದಳು. ಹುಳುಗಳು ಊಟದ ಕೊನೆಗೆ ಮಜ್ಜಿಗೆ ಸಿಕ್ಕಿತು ಅಂತ ಖುಷಿಪಟ್ಟವು. ಕೈಯಲ್ಲೇ ಆರಿಸಿ ಹಾಕು ಅಂದಳು. ಸಾಕಿ ಒಂದೊಂದೇ ಹುಳ ಆರಿಸಿ ಮುತ್ತುಗದ ಎಲೆಯಲ್ಲಿ ಹಾಕಿದಳು. ಹಿಸುಕಲು ಮನಸ್ಸು ಬರಲಿಲ್ಲ. ಹೊಲ ದಾಟಿ, ಹಳ್ಳದ ಬದಿಯ ಪೊದೆಯಲ್ಲಿ ಬಿಟ್ಟುಬಂದಳು. ಮೂರನೆಯ ದಿನಕ್ಕೆ ಅವು ನಡೆದುಕೊಂಡೇ ವಾಪಸು ಬಂದವು. ನಡೆದು ನಡೆದು ಹಸಿವು ಇಮ್ಮಡಿಯಾಗಿತ್ತು.

ಕೊನೆಗೆ ಎಲೆಯ ಮರೆಯಲ್ಲಿ ಒಂದು ಕಾಯಿ ಹೇಗೋ ತಪ್ಪಿಸಿಕೊಂಡು ಗೇಣುದ್ದ ಬೆಳೆಯಿತು. ಯಾವ ಹುಳವೂ ಅದನ್ನು ನೋಡಿರಲಿಲ್ಲ. ಮುದ್ದವ್ವ ನೋಡಿದಳು. ಅವಳ ಸಂತೋಷ ಹೇಳತೀರದು. ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಬೀಜಕ್ಕೆ ಬಿಟ್ಟ ಕಾಯಿಗೆ ಅರಿಸಿನದ ಬಟ್ಟೆಯ ಚೂರು ಕಟ್ಟುತ್ತಿದ್ದರು. ಕಟ್ಟಿದ ಮೇಲೆ ಮನೆಯವರು, ನೆರೆಯವರು, ಮಕ್ಕಳು, ಯಾರೂ ಅದನ್ನು ಮುಟ್ಟುವ ಹಾಗಿಲ್ಲ. ಮುದ್ದವ್ವ ತನ್ನ ಹಳೆಯ ಸೀರೆಯ ಅಂಚು ಹರಿದು, ಅರಿಸಿನದಲ್ಲಿ ಅದ್ದಿ, ಕಾಯಿಯ ತೊಟ್ಟಿಗೆ ಕಟ್ಟಿದಳು. ಸಾಲದು ಅಂತ ಚಪ್ಪರದ ನಾಲ್ಕು ಗಳಕ್ಕೂ ಒಂದೊಂದು ಕಟ್ಟಿದಳು.

ಮನುಷ್ಯರು ಯಾರೂ ಮುಟ್ಟಲಿಲ್ಲ.

ಆದರೆ ಹುಳುಗಳಿಗೆ ಆ ಪದ್ಧತಿ ಗೊತ್ತಿರಲಿಲ್ಲ. ಅವಕ್ಕೆ ಗೊತ್ತಿದ್ದದ್ದು ಇನ್ನೊಂದು. ಚಪ್ಪರ ಹಾಕಿ ಅರಿಸಿನದ ಬಟ್ಟೆ ಕಟ್ಟಿದ್ದಾರೆ ಅಂದರೆ ಅಲ್ಲಿ ಮದುವೆ, ಬಂದವರಿಗೆಲ್ಲ ಊಟ. ಒಂದು ಹುಳ ಇನ್ನೊಂದಕ್ಕೆ ಹೇಳಿತು. ಅದು ನೆಂಟರಿಗೆ ಹೇಳಿತು. ಸಾಲು ಸಾಲಾಗಿ ಬಂದು, ಚಪ್ಪರದ ಕೆಳಗೆ ಒಂದಕ್ಕೊಂದು ಕ್ಷೇಮ ಸಮಾಚಾರ ವಿಚಾರಿಸಿಕೊಂಡು, ಉಂಡು ಎದ್ದವು. ಸಂಜೆ ಸಾಕಿ ಹೋಗಿ ನೋಡಿದಾಗ ತೊಟ್ಟು ಇತ್ತು, ಬಟ್ಟೆ ಇತ್ತು. ಕಾಯಿ ಇರಲಿಲ್ಲ.

ಆ ದಿನ ಮುದ್ದವ್ವ ಮಾತಾಡಲಿಲ್ಲ. ಗಳಗಳಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ಬಿಚ್ಚಿ, ಮಡಿಸಿ, ಮತ್ತೆ ಬಿಚ್ಚಿ, ಮತ್ತೆ ಮಡಿಸಿದಳು. ಒಲೆಯ ಮುಂದೆ ಕೂತು ಸೌದೆಯನ್ನು ಸುಮ್ಮನೆ ಒಳಗೆ ತಳ್ಳುತ್ತಿದ್ದಳು.

"ನಿಮ್ಮವ್ವ ಕೊಟ್ಟದ್ದನ್ನ ನನ್ನ ಕೈಯಾರೆ ಕಳೆದೆ ಮಗಾ," ಅಂದಳು ಕೊನೆಗೆ. ಅಷ್ಟೇ ಅಂದದ್ದು.

ಮಾತಿಲ್ಲದ ಆ ಮನೆ ಎಷ್ಟು ದೊಡ್ಡದು ಅಂತ ಸಾಕಿಗೆ ಅವತ್ತು ಗೊತ್ತಾಯಿತು. ಯಾರಾದರೂ ಒಬ್ಬರು ಮಾತಾಡಲೇಬೇಕಿತ್ತು.

ಬೆಳಗಾಗುತ್ತಲೇ ಅವಳು ಹಿತ್ತಲಿಗೆ ಹೋದಳು. ಬಳ್ಳಿಯಲ್ಲಿ ಒಂದೇ ಒಂದು ಹೀಚು ಉಳಿದಿತ್ತು. ತುದಿಯಲ್ಲಿ ಹೂವು ಇನ್ನೂ ಬಾಡಿರಲಿಲ್ಲ. ಅದರ ಕಡೆಗೆ ಒಂದು ಹಿರಿಯ ಕಂಬಳಿಹುಳ ಮೆಲ್ಲಗೆ ತೆವಳಿಕೊಂಡು ಹೋಗುತ್ತಿತ್ತು. ಸಾಕಿ ಗಂಟಲು ಸರಿಮಾಡಿಕೊಂಡಳು.

"ನಿಮಗೂ ಹಸಿವಿದೆ, ನಂಗೊತ್ತು," ಅಂದಳು. "ಆದ್ರೆ ಇದು ಕೊನೇ ಕಾಯಿ. ಇದನ್ನ ತಿಂದ್ರೆ ಮುಂದಿನ ಮಳೆಗೆ ನಮಗೂ ಇಲ್ಲ, ನಿಮಗೂ ಇಲ್ಲ."

ಕಂಬಳಿಹುಳ ನಿಂತಿತು. ಅದಕ್ಕೆ ಬೈದವರಿದ್ದರು, ಬೂದಿ ಎರಚಿದವರಿದ್ದರು. ಕೂತು ಮಾತಾಡಿಸಿದವರು ಇರಲಿಲ್ಲ.

"ಮುಂದಿನ ಮಳೆ ಅಂದ್ರೇನು ಅಮ್ಮಣ್ಣಿ?" ಅಂತ ಅದು ಕೇಳಿತು. "ನಾವು ಹುಳವಾಗಿರೋದು ನಾಲ್ಕು ದಿನ. ಆಮೇಲೆ ರೆಕ್ಕೆ ಬರುತ್ತೆ ಅಂತಾರೆ. ಮುಂದಿನ ಮಳೆ ನೋಡಿದೋರು ನಮ್ಮಲ್ಲಿ ಯಾರೂ ಇಲ್ಲ. ಸಿಹಿ ಸಿಕ್ಕಿದ್ರೆ ತಿಂತೀವಿ, ಸಿಗದಿದ್ರೆ ಬೇರೆ ಎಲೆ ನೋಡ್ಕೋತೀವಿ. ನಮಗೆ ತಿಳಿದಿರೋದು ಅಷ್ಟೇ."

ಸಾಕಿಗೆ ಸಿಟ್ಟು ಬರಲಿಲ್ಲ. ಅದು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದು ತೆವಳುವುದೂ ಪಾಪ ನಿಧಾನ. ಎಷ್ಟು ದೂರ ನಡೆದು ಬಂದಿತ್ತೋ.

ಈ ಮಾತನ್ನೆಲ್ಲ ಬಳ್ಳಿ ಕೇಳಿಸಿಕೊಂಡಿತು. ಕೇಳಿ, ತನ್ನ ಒಂದು ಎಳೆ ಕುಡಿ ಚಾಚಿ ಬೇವಿನ ಕೊಂಬೆ ಹಿಡಿದು ಎಳೆಯಿತು. "ಬೇವಜ್ಜಿ, ನಿನ್ನ ಕಹಿ ನಂಗೂ ಸ್ವಲ್ಪ ಕೊಡು."

ಕಹಿಯ ಬದುಕು ಎಂಥದ್ದು ಅಂತ ಬೇವಿಗೆ ಗೊತ್ತಿತ್ತು. ಕೊಡುವುದು ಸುಲಭ, ಒಮ್ಮೆ ಕೊಟ್ಟರೆ ಹಿಂದಕ್ಕೆ ತೆಗೆದುಕೊಳ್ಳಲಾಗದು ಅಂತ ಹೇಳಿತು. ಇವತ್ತು ನಿನ್ನನ್ನು ಕಂಡರೆ ಓಡಿಬರುವ ಮಕ್ಕಳು ನಾಳೆ ಮುಖ ಸಿಂಡರಿಸುತ್ತಾರೆ, ಊಟದ ಎಲೆಯ ಅಂಚಿಗೆ ಸರಿಸುತ್ತಾರೆ, ತಾಯಂದಿರು ಗದರಿಸಿ ತಿನ್ನಿಸಬೇಕಾಗುತ್ತದೆ ಅಂದಿತು. ಬಳ್ಳಿಯ ಎಲೆಗಳು ಸಣ್ಣಗೆ ನಡುಗಿದವು. ಅದು ಸಾಕಿಯ ಕಡೆ ತಿರುಗಿತು.

"ಕಹಿಯಾದ್ರೆ ನನ್ನ ಕಿತ್ತು ಹಾಕ್ತೀಯಾ?"

"ಕಹಿಯಾದ್ರೂ ಪರವಾಗಿಲ್ಲ," ಅಂದಳು ಸಾಕಿ. "ನೀನು ಇರು."

ಬೇವಿಗೆ ಇಬ್ಬರ ಮೇಲೂ ಮರುಕ ಬಂತು. ಕಹಿ ಕೊಟ್ಟಿತು, ಆದರೆ ಪೂರ್ತಿ ತುಂಬಲಿಲ್ಲ. ನಿನ್ನ ಹಳೆಯ ಸಿಹಿಯನ್ನು ಬೀಜದ ಸುತ್ತ ಸುತ್ತಿಟ್ಟುಕೋ, ಬೀಜ ಬಲಿಯುವವರೆಗೆ ಬಾಯಿ ಬಿಡಬೇಡ, ಬಲಿತ ದಿನ ನೀನೇ ಬಾಯಿ ತೆರೆದು ಎಲ್ಲರನ್ನೂ ಕರೆ ಅಂತ ಹೇಳಿಕೊಟ್ಟಿತು. ಕಂಬಳಿಹುಳವೂ ಆಗಲಿ ಅಂದಿತು. ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ ಅಂತ ಜನ ಈಗ ನಕ್ಕು ಹೇಳುತ್ತಾರೆ. ಅವತ್ತು ಅಲ್ಲಿ ನಿಂತು ನೋಡಿದ ಸಾಕ್ಷಿ ನಿಜವಾಗಿಯೂ ಬೇವೇ.

ಒಂದು ಮೊಂಡು ನೊಣ ಮಾತ್ರ ಅವತ್ತು ಊರಲ್ಲಿರಲಿಲ್ಲ. ಅದಕ್ಕೆ ಈ ಮಾತುಕತೆಯ ಸುದ್ದಿ ಇವತ್ತಿಗೂ ತಲುಪಿಲ್ಲ. ಈಗಲೂ ಬಂದು ಹಾಗಲಕಾಯಿ ಚುಚ್ಚಿ ಹೋಗುತ್ತದೆ.

ಉಳಿದ ಹುಳುಗಳು ಸುದ್ದಿ ನಂಬದೆ ಎಂದಿನಂತೆ ಬಂದವು. ಒಂದು ಕಚ್ಚಿತು, ಥೂ ಅಂತ ಉಗಿಯಿತು. ಇನ್ನೊಂದು ಬೇರೆ ಕಡೆ ಕಚ್ಚಿತು, ಥೂ ಅಂದಿತು. ಕಚ್ಚಿ ಬಿಟ್ಟಲ್ಲೆಲ್ಲ ಕಾಯಿ ಬೊಕ್ಕೆ ಬೊಕ್ಕೆಯಾಗಿ ಊದಿಕೊಂಡಿತು. ಹಸಿ ಲೋಕವಲ್ಲವೇ, ಊದಿದ್ದು ಹಾಗೇ ನಿಂತಿತು.

ಮುದ್ದವ್ವ ನೋಡಿ ಗಾಬರಿಯಾದಳು. ಅವಳ ಮಾತು ಮರಳಿ ಬಂದದ್ದೇ ಆವಾಗ.

"ಅಯ್ಯೋ, ಇದಕ್ಕೆ ಅಮ್ಮ ಎದ್ದಿದೆ ಕಣೆ ಸಾಕಿ," ಅಂದವಳೇ, ಸಿಡುಬು ಎದ್ದ ಮನೆಗೆ ಮಾಡುವ ಹಾಗೆ, ಬೇವಿನ ಸೊಪ್ಪಿನ ಕುಡಿ ಮುರಿದು ಚಪ್ಪರಕ್ಕೆ ಸಿಕ್ಕಿಸಿದಳು. ನೆಂಟರು ಯಾರೂ ಹತ್ತಿರ ಬರಬೇಡಿ ಅಂತ ಹುಳುಗಳಿಗೂ ಗದರಿದಳು.

ಸಾಕಿ ನಕ್ಕಳು. ಜೋರಾಗಿಯೇ ನಕ್ಕಳು. ಆಮೇಲೆ ನಡೆದದ್ದನ್ನೆಲ್ಲ ಅತ್ತೆಯ ಪಕ್ಕ ಕೂತು ಒಂದೂ ಬಿಡದೆ ಹೇಳಿದಳು. ಮುದ್ದವ್ವ ಬಾಯಿ ತೆರೆದುಕೊಂಡು ಕೇಳಿದಳು, ನಡುವೆ ಒಂದು ಮಾತೂ ಸೇರಿಸಲಿಲ್ಲ.

ಇಬ್ಬರೂ ಕಾದರು. ಕಾಯಿ ಬೆಳೆಯಿತು. ಬಟ್ಟೆ ಕಟ್ಟಲಿಲ್ಲ. ಒಂದು ದಿನ ಅದರ ಬುಡ ಹಳದಿಗೆ ತಿರುಗಿತು. ಮಾರನೆಯ ದಿನ ಪೂರ್ತಿ ಹಳದಿ. ಮುಟ್ಟಿದರೆ ಮೆತ್ತಗೆ. ಕೊಳೆಯುತ್ತಿದೆಯೇನೋ ಅಂತ ಸಾಕಿ ಗಳಿಗೆಗೊಮ್ಮೆ ಹೋಗಿ ನೋಡಿದಳು. ಅವಳು ಊಟ ಸರಿಯಾಗಿ ಮಾಡಲಿಲ್ಲ. ಮುದ್ದವ್ವನೂ ಮಾಡಲಿಲ್ಲ, ಮಾಡಿದೆ ಅಂತ ಸುಳ್ಳು ಹೇಳಿದಳು.

ಮೂರನೆಯ ಬೆಳಿಗ್ಗೆ ಬಿಸಿಲು ಬೀಳುತ್ತಲೇ ಕಾಯಿ ತುದಿಯಿಂದ ಮೂರು ಸೀಳಾಗಿ ಬಿರಿಯಿತು. ಸೀಳುಗಳು ಹೂವಿನ ಎಸಳಿನ ಹಾಗೆ ಹಿಂದಕ್ಕೆ ಮಡಚಿಕೊಂಡವು. ಒಳಗೆ ಬೀಜಗಳು, ಒಂದೊಂದರ ಮೇಲೂ ಕೆಂಪು ತಿರುಳು, ಆಗ ತಾನೇ ತೊಳೆದಿಟ್ಟ ಹವಳದ ಹಾಗೆ. ಮುದ್ದವ್ವ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಳು.

ಸಾಕಿ ಅರ್ಧ ಬೀಜ ಬಿಡಿಸಿ, ಬೂದಿಯಲ್ಲಿ ಉಜ್ಜಿ, ಸಗಣಿಯೊಳಗಿಟ್ಟು ಗೋಡೆಗೆ ತಟ್ಟಿದಳು. ಉಳಿದರ್ಧ ಬಳ್ಳಿಯಲ್ಲೇ ಬಿಟ್ಟಳು. ಕಂಬಳಿಹುಳವನ್ನು ಕರೆಯೋಣ ಅಂತ ಹುಡುಕಿದಳು, ಅದಕ್ಕೆ ಆಗಲೇ ರೆಕ್ಕೆ ಬಂದು ಹೂವುಗಳ ಕಡೆ ಹೋಗಿತ್ತು. ಬಂದದ್ದು ಪಿಕಳಾರ ಹಕ್ಕಿ. ಕೆಂಪು ತಿರುಳಿನ ಬೀಜ ನುಂಗಿ, ತಲೆ ಕುಣಿಸಿ, ಹೊಳೆ ದಾಟಿ ಹಾರಿಹೋಯಿತು.

ಮುಂದಿನ ಮಳೆಗೆ ಈಚೆ ದಡದಲ್ಲಿ, ಗೋಡೆಯಿಂದ ಬಿಡಿಸಿ ಊರಿದ ಬೀಜಗಳು ಮೊಳೆತವು. ಸಾಕಿಯ ಅವ್ವನ ಹೊಸ ಗುಡಿಸಲಿನ ಹಿಂದೆ, ದಿಬ್ಬದ ಮೇಲೆ, ಯಾರೂ ಬಿತ್ತದ ಒಂದು ಹಾಗಲಬಳ್ಳಿ ಬೇಲಿ ಹತ್ತಿದೆ ಅಂತ ಹೊಳೆಯೇ ಬಂದು ಹೇಳಿತು. ಈ ಸಲ ಅದು ತಿಳಿಯಾಗಿ ಹರಿಯುತ್ತಿತ್ತು.

ಮೊದಲ ಎಳೆಕಾಯಿ ಕಚ್ಚಿದ ಮಕ್ಕಳು ಅತ್ತರು. ಮುದ್ದವ್ವ ಸೋಲಲಿಲ್ಲ. ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ಉಪ್ಪು ಹಾಕಿ ಹಿಂಡಿ, ಹುಣಸೆಹುಳಿ ಬೆಲ್ಲ ಸೇರಿಸಿ ಗೊಜ್ಜು ಮಾಡಿದಳು. ನಮ್ಮ ಸೊಸೆಯ ತವರಿನ ಬಳ್ಳಿ, ಕಹಿ ಅಂತ ಬಿಟ್ಟುಬಿಡೋಕಾಗುತ್ತಾ ಅಂತ ಊರಿಗೆಲ್ಲ ಬಡಿಸಿದಳು.

ಅದಕ್ಕೇ ಮಕ್ಕಳೇ, ಹಾಗಲಕಾಯಿ ಎಳೆಯದಿರುವಾಗ ಮೈಯೆಲ್ಲ ಬೊಕ್ಕೆ ಮಾಡಿಕೊಂಡು ಕಹಿಯಾಗಿ ಬಾಯಿ ಮುಚ್ಚಿಕೊಂಡಿರುತ್ತದೆ. ಬೀಜ ಬಲಿತ ದಿನ, ನಿಮ್ಮ ಹಿತ್ತಲಿನ ಬೇಲಿಯ ಮೇಲೂ ಅದು ಹಳದಿಯಾಗಿ ಬಿರಿದು, ಕೆಂಪು ತಿರುಳು ತೋರಿಸುತ್ತಾ, ದಾರಿಯಲ್ಲಿ ಹೋಗುವ ಹಕ್ಕಿಗಳನ್ನೆಲ್ಲ ಊಟಕ್ಕೆ ಕರೆಯುತ್ತದೆ.